ಪ್ರಸಾದವಲ್ಲ, ಮಂಡಕ್ಕಿ

ಕೌಲ್ ಬಜಾರಿನ ನಮ್ಮ ಎದುರುಮನೆಯಲ್ಲಿದ್ದ ಗಣಿತದ ಮೇಷ್ಟ್ರು ಬುದ್ಧನ ದಾರಿ ಹಿಡಿದವರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಭಾನುವಾರ ಸಂಜೆ ನಾವೊಂದಿಷ್ಟು ಜನ ಅವರ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಏನು ಹೇಳಿದರೂ ಕೊನೆಗೆ ಕನ್ನಡಕವನ್ನು ಹಣೆಗೇರಿಸಿ, "ನನ್ನ ಮಾತು ನಂಬಬ್ಯಾಡ್ರಿ, ನೀವ ನೋಡ್ರಿ" ಎನ್ನುತ್ತಿದ್ದರು. ನಾನಂತೂ ಮಾತಿಗಿಂತ ಅವರು ಮಾಡುವ ಮಂಡಕ್ಕಿ ಒಗ್ಗರಣೆಗೇ ಹೋಗುತ್ತಿದ್ದೆ.

ಒಮ್ಮೆ ಕುರುಗೋಡಿನಿಂದ ಜವಳಿ ವ್ಯಾಪಾರಿಯೊಬ್ಬರು ಹೂವು ಹಣ್ಣು ಹಿಡಿದು ಬಂದರು. ಪರರ ಮನೆಯಲ್ಲಿ ಹನಿ ನೀರೂ ಕುಡಿಯದ ಮಡಿವಂತರು. ಕಾಲಿಗೆ ಬೀಳಲು ಬಗ್ಗಿದವರನ್ನು ಮೇಷ್ಟ್ರು ತಡೆದು ಕೂರಿಸಿದರು.

"ಎಲ್ಲಾ ಒಂದ ಅಂತಾರಲ್ರಿ, ಅದನ್ನ ನನಗ ಉಪದೇಶ ಮಾಡ್ರಿ."

ಮೇಷ್ಟ್ರು ಬೋಗುಣಿಯಲ್ಲಿ ಉಳಿದಿದ್ದ ಮಂಡಕ್ಕಿಯನ್ನೆಲ್ಲ ತಟ್ಟೆಗೆ ಸುರಿದು ಕೊಟ್ಟರು. ವ್ಯಾಪಾರಿ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತಿನ್ನತೊಡಗಿದರು.

"ಪ್ರಸಾದ ಅಲ್ರೀ ಅದು, ಮಂಡಕ್ಕಿ. ಖಾರ ಐತಿ, ನಿಧಾನ ತಿನ್ರಿ."

ಅರ್ಧ ತಟ್ಟೆ ಮುಗಿದಾಗ ಮೇಷ್ಟ್ರು ಕೇಳಿದರು: "ಎಲ್ಲಾ ಒಂದ ಆಗಿದ್ರ, ನೀವು ತಿಂದಿದ್ದಕ್ಕ ನನ್ನ ಹೊಟ್ಟಿ ತುಂಬಬೇಕಿತ್ತಲ್ರಿ?"

"ತುಂಬಿಲ್ಲೇನ್ರಿ?"

"ಇಲ್ರಿ. ಹಸಿವಾಗೈತಿ."

ನಾವು ನಕ್ಕೆವು. ವ್ಯಾಪಾರಿ ನಗಲಿಲ್ಲ. ಬರಿದಾದ ಬೋಗುಣಿಯನ್ನೊಮ್ಮೆ, ತಮ್ಮ ತಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ ಆ ಎಂಜಲು ತಟ್ಟೆಯನ್ನೇ ಇಬ್ಬರ ನಡುವೆ ಸರಿಸಿ, ಅಳುಕುತ್ತ, "ಬರ್ರಿ" ಎಂದರು.

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. ಆದರೆ ಅವತ್ತು "ನೀವ ನೋಡ್ರಿ" ಎನ್ನಲಿಲ್ಲ. ಅವರ ಬಾಯಿ ತುಂಬ ಮಂಡಕ್ಕಿ ಇತ್ತು.