ಸ್ಕೇಲು ಹಿಡಿದು ಬಿಡಿಸಿದ ದನ

ಹೋದ ತಿಂಗಳು ಒಂದು ದನದ ಚಿತ್ರ ಬಿಡಿಸಿದೆ. ನಮ್ಮ ಯಜಮಾನರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಎಂತದೇ ಇದು? ದನವೋ, ಮೇಜೋ?"

"ನಾಕು ಕಾಲು ಇದ್ದಲಾ, ಸಾಲ್ದಾ?" ಅಂದೆ.

ತಪ್ಪು ದನದ್ದಲ್ಲ, ಸ್ಕೇಲಿನದು. ಶಿರಸಿಯ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿದವಳು ನಾನು. ಸ್ಕೇಲಿಲ್ಲದೆ ಗೆರೆ ಎಳೆಯಲು ಧೈರ್ಯವೇ ಬರುವುದಿಲ್ಲ. (ಸ್ಕೇಲಿಗೆ ಬೇರೆ ಉಪಯೋಗಗಳೂ ಇದ್ದವು. ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.)

ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಬಚ್ಚಲುಮನೆ ಗೋಡೆಯ ತುಂಬ ನನ್ನ ಇದ್ದಿಲಿನ ಚಿತ್ರಗಳು: ಬೆಕ್ಕು, ಮಂಗ, ನೆಂಟರು. ಆಮೇಲೆ ಬಿ.ಎಸ್ಸಿ., ಬಿ.ಎಡ್., ಮದುವೆ, ಎರಡು ಬಾಣಂತನ, ಸಾವಿರಾರು ಉತ್ತರಪತ್ರಿಕೆ. ಕೈಗೆ ಉಳಿದದ್ದು ಕೆಂಪು ಪೆನ್ನೊಂದೇ. ರಿಟೈರ್ ಆದಾಗ ಎಲ್ಲರೂ ಭಜನೆಗೆ ಕರೆದರು. ನಾನು ಕಲರ್ ಬಾಕ್ಸ್ ಕೊಂಡೆ.

ದನ ಮೇಜಾದ ಮೇಲೆ ಗುರು ಬೇಕೆನಿಸಿತು. ಸಿದ್ದಾಪುರದಲ್ಲಿ ಶನಿವಾರ ಚಿತ್ರಕಲೆ ಕ್ಲಾಸಿದೆ ಎಂದರು ಯಾರೋ. ಬಸ್ ಹತ್ತಿದೆ.

ಬಾಗಿಲಲ್ಲೇ ಕಾಲು ನಿಂತಿತು. ಕಲಿಸುವವನು ಕಾನಸೂರಿನ ಗಣಪತಿ! ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪೀರಿಯಡ್ಡಿನಲ್ಲೇ, ಕನ್ನಡಕ ಹಾಕಿ ಬೆತ್ತ ಹಿಡಿದ ಎಮ್ಮೆಯೊಂದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದ. ನಾನೂ ಕನ್ನಡಕದವಳೇ. ಹಾಳೆ ಹರಿದೆ, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

"ಬನ್ನಿ ಟೀಚರ್, ಕೂತ್ಕಳಿ" ಅಂದ. ಎಮ್ಮೆಯ ಸುದ್ದಿ ಎತ್ತಲಿಲ್ಲ. ನನ್ನ ಕೈಲಿದ್ದ ಸ್ಕೇಲನ್ನು ಮಾತ್ರ ಮೆಲ್ಲಗೆ ತೆಗೆದು ತನ್ನ ಡ್ರಾಯರಿಗೆ ಹಾಕಿದ. (ಎಷ್ಟು ವರ್ಷದಿಂದ ಕಾದಿದ್ದನೋ!)

ಸುತ್ತ ಮೊಮ್ಮಕ್ಕಳ ಪ್ರಾಯದವರು. ಎದುರಿಗಿದ್ದ ಹೂಜಿಯನ್ನು ಬಿಡಿಸಿದೆ, ಬದನೆಕಾಯಿ ಆಯಿತು. ಮೊಣಕೈವರೆಗೂ ಬಣ್ಣ. ಎರಡು ತಾಸು ಕಳೆದದ್ದೇ ತಿಳಿಯಲಿಲ್ಲ.

ಕ್ಲಾಸ್ ಮುಗಿದಾಗ ನನಗೇ ತಡೆಯಲಾಗಲಿಲ್ಲ. "ಗಣಪತಿ, ಆವತ್ತು ಆ ಎಮ್ಮೆ ಚಿತ್ರ ಹರೀಬಾರದಿತ್ತು. ತಪ್ಪಾಯ್ತು."

ಅವನು ನಾಚಿಕೊಂಡ. "ಆ ಎಮ್ಮೆ ನೀವಲ್ಲ ಟೀಚರ್. ಹೆಡ್‌ಮಾಸ್ಟ್ರು."

ಏನು? ಇಷ್ಟು ವರ್ಷ ಬೇರೆಯವರ ಎಮ್ಮೆಯನ್ನು ನಾನು ಹೊತ್ತು ತಿರುಗಿದೆನೇ?

"ಆವತ್ತೇ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಆಫೀಸಿಗೆ ಕಳಿಸ್ತಿದ್ರಿ. ಅದ್ಕಿಂತ ಬೆಂಚೇ ಅಡ್ಡಿಲ್ಲ ಅಂದ್ಕಂಡೆ."

ಹೊಟ್ಟೆ ಹಿಡಿದು ನಕ್ಕೆ. ನಗು ನಿಂತ ಮೇಲೆ ಏನೋ ಚುಚ್ಚಿತು. ನಿಜ ಹೇಳಲೇ? ಬಹಳ ಒಳ್ಳೆಯ ಎಮ್ಮೆ ಅದು. ಆ ಕೊಂಬಿನ ತಿರುವು ಈಗಲೂ ಕಣ್ಣಿಗೆ ಕಟ್ಟಿದೆ. ಹರಿಯುವಾಗಲೂ ಅದು ನನಗೆ ಕಂಡಿತ್ತು. ಆದರೂ ಹರಿದೆ. ನನಗೆ ಸಿಟ್ಟು ಬಂದದ್ದು ಅವನು ಗಣಿತ ಬಿಟ್ಟಿದ್ದಕ್ಕೋ, ನಾನು ಬಿಟ್ಟದ್ದನ್ನು ಅವನು ಬಿಡದೇ ಇದ್ದದ್ದಕ್ಕೋ?

ಹೊರಡುವಾಗ ಬದನೆಕಾಯಿ ತೋರಿಸಿ, ಅಭ್ಯಾಸಬಲದಿಂದ ಕೇಳಿದೆ: "ಹತ್ತಕ್ಕೆ ಎಷ್ಟು ಕೊಡ್ತೀಯಾ?"

"ಇಲ್ಲಿ ಮಾರ್ಕ್ಸ್ ಇಲ್ಲ ಟೀಚರ್."

ಮಾರ್ಕ್ಸೇ ಇಲ್ಲ ಅಂದಮೇಲೆ ನನ್ನನ್ನು ಫೇಲ್ ಮಾಡುವವರಾದರೂ ಯಾರು?