ಏರಿಯ ಕೆಳಗಿನ ಮನೆ

ತಾತ ಕಟ್ಟಿಸಿದ ಕೆರೆ ಏರಿ ಹಿರೇಗುಂಟನೂರಿನ ಆಚೆ, ನಮ್ಮ ಸ್ವಂತ ಹೊಲದ ನೆತ್ತಿಯಲ್ಲಿತ್ತು. ಬರೀ ಮಣ್ಣಿನದು. ಮಾರಿಕಣಿವೆಯ ಕಲ್ಲಿನ ಅಣೆಕಟ್ಟು ನೋಡಿ ಬಂದವರು ಇದನ್ನು ಕಂಡು ನಗುತ್ತಿದ್ದರು. ನಗಲಿ, ನಮಗೆ ಅದೇ ಸಮುದ್ರ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನಾನು ಸಂಜೆಯಾದರೆ ಆ ಏರಿಯ ಹುಲ್ಲಿನ ಮೇಲೆ ಒರಗುತ್ತಿದ್ದೆ. ಒಂದು ಕಿವಿಗೆ ನೀರಿನ ಸದ್ದು, ಇನ್ನೊಂದಕ್ಕೆ ಕೆಳಗಿನ ಕುರಿಗಳ ಸದ್ದು. ಕಣ್ಣು ಮುಚ್ಚಿದರೆ ಏರಿ ಮೆಲ್ಲಗೆ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಹೊರಳಿದ್ದು ಹೊಟ್ಟೆಯ ಮಗುವೋ ಏರಿಯೋ ಎಂದು ಮಂಪರಿನಲ್ಲಿ ತಿಳಿಯುತ್ತಿರಲಿಲ್ಲ. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಮಲಗಿಲ್ಲ.

ಕೆಳಗೆ ಇದ್ದದ್ದು ಒಂದೇ ಮನೆ: ಕುರಿ ಕಾಯುವ ಗಂಡ ಹೆಂಡತಿ, ಅವರದೊಂದು ಕೈಗೂಸು. ಮೊದಲೆಲ್ಲ ಬೇಸಿಗೆಯಲ್ಲಿ ಬಂದು ನಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಅವುಗಳ ಹಿಕ್ಕೆ ನೆಲಕ್ಕೆ ಗೊಬ್ಬರವಾದ ಮೇಲೆ ಮುಂದಿನ ಊರಿಗೆ ಹೋಗುತ್ತಿದ್ದರು. ಅವ್ವನಿಗೆ ಆ ಗೊಬ್ಬರದ ಬೆಳೆಯ ರುಚಿ ಹತ್ತಿತು. "ಎಷ್ಟಂತ ಅಲೀತೀರ, ಇಲ್ಲೇ ಇರ್ರಿ" ಎಂದು ಏರಿಯ ಬುಡದಲ್ಲೇ ಜಾಗ ತೋರಿಸಿದಳು.

ಅವ್ವನ ಇನ್ನೊಂದು ಆಸೆ ನೀರಿನದು. ನಮ್ಮ ಬರದ ಸೀಮೆಯಲ್ಲಿ ನೀರು ಹರಿದುಹೋಗುವುದನ್ನು ನೋಡುತ್ತ ನಿಲ್ಲುವುದು ಯಾರಿಂದಲೂ ಆಗುವುದಿಲ್ಲ. ತುಂಬಿ ಹೆಚ್ಚಾದ ನೀರು ಪಕ್ಕದಿಂದ ಹೊರಬೀಳಲೆಂದು ತಾತ ಬಿಟ್ಟಿದ್ದ ಕೋಡಿಗೆ ಅವ್ವ ಕಲ್ಲು ಜೋಡಿಸಿ, ಮಣ್ಣು ಮೆತ್ತಿ, ಇನ್ನೊಂದು ಗೇಣು ನೀರು ಹಿಡಿಯುತ್ತಿದ್ದಳು. ಸುತ್ತಲಿನವರೂ ಹೀಗೇ ಮಾಡುತ್ತಿದ್ದರು. ಅದನ್ನು ಜಾಣತನವೆಂದೇ ತಿಳಿದಿದ್ದೆವು.

ಕೆರೆ ತುಂಬಿದ್ದ ಆ ದಿನಗಳಲ್ಲೇ ಸರ್ಕಾರದ ಎಂಜಿನಿಯರ್ ಬಂದರು. ಸ್ವಂತ ಜಮೀನಿನ ಏರಿಗಳಿಗೂ ಅಪಾಯದ ವರ್ಗ ಹಾಕಬೇಕಂತೆ. ಅವ್ವ ಏರಿಯ ಮೇಲೇ ಮಜ್ಜಿಗೆ ತಂದುಕೊಟ್ಟು, "ಕುಂತ್ಕಳ್ರಿ. ಆನೆ ನಡೆದ್ರೂ ನಮ್ಮ ಏರಿ ಅಲುಗಲ್ಲ" ಎಂದಳು. ಅವರು ಕೂರದೆ ಏರಿಯ ಉದ್ದಕ್ಕೂ ನಡೆದು ನೋಡಿ, "ಹೆಚ್ಚಿನ ಅಪಾಯ" ಅಂದರು. ಅವ್ವನ ಮುಖ ಸುಟ್ಟ ಬದನೆಕಾಯಿಯಾಯಿತು.

"ಎಲ್ಲಿ ಸೋರೈತೆ, ತೋರಿಸ್ರಿ!"

"ಸೋರಿಲ್ಲಮ್ಮ. ಏರಿ ಎಷ್ಟು ಗಟ್ಟಿ ಅಂತ ನೋಡಿ ಈ ವರ್ಗ ಹಾಕಲ್ಲ. ಒಡೆದ್ರೆ ಕೆಳಗೆ ಯಾರಿದ್ದಾರೆ ಅಂತ ನೋಡ್ತೀವಿ. ಬರೀ ಹೊಲ ಇದ್ದಿದ್ರೆ ಕಡಿಮೆ ಅಂತಿದ್ದೆ. ಅದರ ಮೇಲೆ ನೀವು ಕೋಡಿ ಬೇರೆ ಕಟ್ಟಿದ್ದೀರಿ. ಜೋರು ಮಳೆ ಬಂದ್ರೆ ನೀರು ಏರಿ ಮೇಲೇ ಹತ್ತಿ ಮಣ್ಣು ಕೊಚ್ಚುತ್ತೆ. ಆ ಮನೆ ಉಳಿಯಲ್ಲ."

"ಅವ್ರನ್ನ ಕಳಿಸಿಬಿಟ್ರೆ?"

"ಆಗ ವರ್ಗ ಇಳಿಯುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಕರೆದು ಕೂರಿಸಿದವಳೂ ಇವಳೇ, ಎಬ್ಬಿಸುವವಳೂ ಇವಳೇ. "ಗೊಬ್ಬರ ಬೇಕು, ಗೊಬ್ಬರ ತಂದವರು ಬ್ಯಾಡ್ವೇನವ್ವ?" ಎಂದುಬಿಟ್ಟೆ.

ಅವ್ವ ಕೆಳಗೆ ನೋಡಿದಳು. ಅಂಗಳದಲ್ಲಿ ಆ ಹೆಂಗಸು ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಕೂಸು ಕಿರುಚುತ್ತಿತ್ತು, ಅವಳು ನಗುತ್ತಿದ್ದಳು. ಬೆನ್ನ ಹಿಂದಿನ ಏರಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ನಂಬಿಕೆ ಕಂಡು ನನಗೆ ಹೆದರಿಕೆಯಾಯಿತು. ಅವ್ವನಿಗೂ ಆಗಿರಬೇಕು. ನೇರ ಕೋಡಿಗೆ ಹೋಗಿ, ಸೀರೆ ಎತ್ತಿ ಕಟ್ಟಿ, ತಾನೇ ಇಟ್ಟ ಕಲ್ಲುಗಳನ್ನು ಕೀಳತೊಡಗಿದಳು.

ನೀರು ಮೊದಲು ನಾಚುತ್ತ, ಆಮೇಲೆ ಬಳಬಳನೆ ಹೊರಟಿತು. ಸಂಜೆಬಿಸಿಲು ಅದರ ಮೇಲೆ ಕೂತು ಹಳ್ಳದ ಕಡೆ ಹೋಯಿತು. ಅವ್ವ ಅತ್ತ ನೋಡಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಇಳೀತಾ?" ಎಂದು ಕೇಳಿದಳು.

"ಏರಿಗೆ ಈಗ ಒಳ್ಳೇದಾಯ್ತಮ್ಮ. ವರ್ಗ ಮಾತ್ರ ಇಳಿಯಲ್ಲ. ಆ ಮನೆಯವರು ಅಲ್ಲಿರೋ ತನಕ ಹೆಚ್ಚಿನ ಅಪಾಯ ಅಂತ್ಲೇ."

ಅವ್ವ ಮಣ್ಣಿನ ಕೈ ಕೊಡವಿಕೊಂಡಳು.

"ಹಂಗಾದ್ರೆ ಯಾವತ್ತೂ ಇಳೀದೆ ಇರ್ಲಿ, ಬರ್ಕಳ್ರಿ."