ಹುಕ್ಕೇರಿ ಪಂದ್ಯಕ್ಕೆ ಹೋಗದ ಕೆಂಪಂಗಿ ಸಂಘ

ಬೆಳಗಾವಿಯಲ್ಲಿ ಗೋಕಾಕದ ಬಸ್ಸು ಹತ್ತುವಷ್ಟರಲ್ಲೇ ನನ್ನ ತಾಳ್ಮೆ ಅರ್ಧ ಮುಗಿದಿತ್ತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಖರೆ. ಆದರೆ ಆಧಾರ್ ಕಾರ್ಡಿನ ಫೋಟೊದಲ್ಲಿರುವವಳು ನಾನೇ ಎಂದು ಕಂಡಕ್ಟರನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಸೀಟು ಸಿಗಲಿಲ್ಲ. ಎರಡು ತಾಸು ನಿಂತೇ ಹೋದೆ.

ಹೊರಟದ್ದು ಮುಚ್ಚಿಹೋದ ಒಂದು ಫುಟ್‌ಬಾಲ್ ಸಂಘದ ಚರಿತ್ರೆ ಹುಡುಕಿಕೊಂಡು. ಗೋಕಾಕದ ಕೆಂಪಂಗಿ ಸಂಘ ಜಿಲ್ಲಾ ಲೀಗಿನ ಕೊನೆಯ ದರ್ಜೆಯಲ್ಲಿ ಆಡುತ್ತಿತ್ತು. ನನ್ನ ಅಪ್ಪ ಅದರ ಗೋಲ್‌ಕೀಪರ್. ಹುಕ್ಕೇರಿಯಲ್ಲಿದ್ದ ಒಂದು ಪಂದ್ಯಕ್ಕೆ ತಂಡ ಹೋಗಲೇ ಇಲ್ಲ. ಲೀಗಿನಿಂದ ಹೆಸರು ತೆಗೆದುಹಾಕಿದರು, ಸಂಘ ಅಲ್ಲಿಗೆ ಮುಗಿಯಿತು. ಅಪ್ಪ ಕೈಕೊಟ್ಟದ್ದರಿಂದಲೇ ಹಾಗಾಯಿತೆಂದು ಅವನ ಮದುವೆಗೂ ಮೊದಲಿನಿಂದ ಜನ ಆಡಿಕೊಳ್ಳುತ್ತಿದ್ದರು. ಕೇಳಿದರೆ ಅಪ್ಪ ಎದ್ದು ಹೊರಗೆ ನಡೆಯುತ್ತಿದ್ದ. ಹೋದ ವರ್ಷ ತೀರಿಕೊಂಡ. ಇನ್ನು ಕೇಳುವುದಾದರೆ ಉಳಿದವರನ್ನೇ ಕೇಳಬೇಕಿತ್ತು.

ಗೋಕಾಕದಲ್ಲಿ ಸಂಘದ ಕ್ಯಾಪ್ಟನ್ ಆಗಿದ್ದ ಮಲ್ಲಪ್ಪ ಕಾಕಾ ಸಿಕ್ಕರು. ಎಂಬತ್ತು ದಾಟಿದ ವಯಸ್ಸು, ಗಟ್ಟಿ ದನಿ. ಕರದಂಟು ತಿನ್ನಿಸಿದರು. ತಾವು ಹೊಡೆದ ಒಂದೇ ಗೋಲನ್ನು ಮೂರು ಸಲ ಹೇಳಿದರು. ಹುಕ್ಕೇರಿಯ ಮಾತು ತೆಗೆದಾಗಲೆಲ್ಲ ಇನ್ನೊಂದು ಪಂದ್ಯಕ್ಕೆ ಹಾರಿದರು. ನಾನು ಪಟ್ಟು ಬಿಡದಿದ್ದಾಗ ಮುಖ ಗಂಟಿಕ್ಕಿದರು.

“ನಿಮ್ಮಪ್ಪನ ದಾರಿ ನೋಡ್ಕೋತ ಬಸ್‌ಸ್ಟ್ಯಾಂಡಿನ್ಯಾಗ ನಿಂತ್ವಿ. ಎರಡು ಬಸ್ ಬಿಟ್ವಿ. ಮ್ಯಾಚಿನ ಹೊತ್ತ ಮೀರಿ ಹೋತು, ಅವಾ ಬರ್ಲಿಲ್ಲ. ಮತ್ತೇನ ಕೇಳ್ತಿ?”

ಆಮೇಲೆ, ಹೆಚ್ಚಿಗೆ ಬೇಕಿದ್ದರೆ ಸಂಘದ ಸೆಕ್ರೆಟರಿಯಾಗಿದ್ದ, ಈಗ ಮೂಡಲಗಿಯಲ್ಲಿರುವ ಪದ್ಮಣ್ಣನನ್ನು ಕೇಳು ಎಂದು ಕಳಿಸಿಕೊಟ್ಟರು. ಅವರು ಕೊಟ್ಟ ಫೋನ್ ನಂಬರು ಹತ್ತಲಿಲ್ಲ.

ಮರುದಿನ ಮೂಡಲಗಿಯ ಬಸ್ಸು ಒಂದು ತಾಸು ತಡವಾಗಿ ಬಂತು. ದಾರಿಯುದ್ದಕ್ಕೂ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರೇಲರು. ಪದ್ಮಣ್ಣನ ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಮಾವನವರು ನಿನ್ನೆಯೇ ಹುಕ್ಕೇರಿಗೆ ಮಗಳ ಮನೆಗೆ ಹೋದರೆಂದು ಸೊಸೆ ಹೇಳಿದಳು. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಂಡು, ಬಂದ ದಾರಿಯಲ್ಲೇ ಗೋಕಾಕಕ್ಕೆ ವಾಪಸಾಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹುಕ್ಕೇರಿಗೆ ಬಂದಾಗ ಸಂಜೆ.

ಪದ್ಮಣ್ಣ ಜಗಲಿಯ ಮೇಲೆ ಕೂತಿದ್ದರು. ಅಪ್ಪನ ಹೆಸರು ಹೇಳಿದ ಕೂಡಲೇ ಚಾದ ಕಪ್ಪು ಕೆಳಗಿಟ್ಟರು. ಇವರನ್ನು ಪೀಡಿಸಬೇಕಾಗಲೇ ಇಲ್ಲ.

“ನಿಮ್ಮಪ್ಪ ತಪ್ಪಿಸಿಲ್ಲವ್ವಾ. ಹಿಂದಿನ ದಿನಾನ ಘೋಡಗೇರಿಗೆ ಅಕ್ಕನ ಮನಿಗೆ ಹೊಂಟಿದ್ದ. ‘ನಾ ಅಲ್ಲಿಂದನ ಹುಕ್ಕೇರಿಗೆ ಬರ್ತೇನಿ, ಮಲ್ಲಪ್ಪಗ ಹೇಳು’ ಅಂದಿದ್ದ. ನನಗ ಸಂಕೇಶ್ವರದಾಗ ಹೆಣ್ಣ ನೋಡೂದಿತ್ತು. ಆ ಗಡಿಬಿಡ್ಯಾಗ ಹೇಳೂದು ಮರತ್ನಿ.”

ಹನ್ನೊಂದರಲ್ಲಿ ಹತ್ತು ಮಂದಿ ಗೋಕಾಕದಲ್ಲಿ ಅಪ್ಪನಿಗಾಗಿ ಕಾದಿದ್ದರು. ಅಪ್ಪ ಹುಕ್ಕೇರಿಯ ಮೈದಾನದಲ್ಲಿ ಒಬ್ಬನೇ ಗೋಲಿನ ಮುಂದೆ ನಿಂತು ಅವರಿಗಾಗಿ ಕಾದಿದ್ದ. ಕೊನೆಗೆ ರೆಫರಿ ಸೀಟಿ ಊದಿ, ಎದುರಾಳಿಗಳು ಗೆದ್ದರೆಂದು ಹೇಳಿ ಅವನನ್ನು ಮನೆಗೆ ಕಳಿಸಿದ್ದರು. ಮರುದಿನ ಮಲ್ಲಪ್ಪ ಎಲ್ಲರೆದುರು ಅಪ್ಪನನ್ನು ಬೈಯುವಾಗ ಪದ್ಮಣ್ಣ ಬಾಜೂಕ್ಕೇ ಇದ್ದರಂತೆ.

“ಅವಾ ನನ್ನ ಮಾರಿ ನೋಡಿದ. ನಾ ಹೇಳ್ತೇನಂತ ತಿಳ್ಕೊಂಡ. ನನ್ನ ಬಾಯಿ ಏಳಲಿಲ್ಲ.”

ಮುದುಕರೆಂದು ನಾನು ಕನಿಕರ ತೋರಿಸಲಿಲ್ಲ. ಮಲ್ಲಪ್ಪ ಕಾಕಾಗೆ ಫೋನು ಹಚ್ಚಿ ಪದ್ಮಣ್ಣನ ಕೈಗೆ ಕೊಟ್ಟೆ. ಅವರು ಎಲ್ಲ ಹೇಳಿದರು. ಆಮೇಲೆ ಕಾಕಾ ಫೋನು ನನಗೆ ಕೊಡಿಸಿ, ನಾನು ನಾಳೆ ಗೋಕಾಕಕ್ಕೆ ಬಂದು ತಮ್ಮನ್ನು ಬೆಳಗಾವಿಗೆ ಕರೆದೊಯ್ಯಬೇಕು, ತಾವು ನನ್ನ ಅವ್ವನ ಎದುರು ನಿಂತು ತಪ್ಪೊಪ್ಪಿಕೊಳ್ಳಬೇಕು ಎಂದರು. ಹುಕ್ಕೇರಿಯಿಂದ ಬೆಳಗಾವಿಗೆ ನೇರ ಬಸ್ಸಿದೆ ಎಂಬುದನ್ನು ನುಂಗಿಕೊಂಡೆ. ಆ ರಾತ್ರಿ ಪದ್ಮಣ್ಣನ ಮಗಳ ಮನೆಯಲ್ಲೇ ಉಳಿದೆ.

ಮೂರನೆಯ ದಿನ ಗೋಕಾಕದಲ್ಲಿ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಕಿಟಕಿಯ ಸೀಟೇ ಬೇಕೆಂದು ಹಠ ಹಿಡಿದು ಒಂದು ಬಸ್ಸು ಬಿಡಿಸಿದರು. ಎರಡನೆಯದರಲ್ಲಿ ಕೂತು ಬೆಳಗಾವಿಗೆ ಬಂದೆವು.

ಅವ್ವ ಬಾಗಿಲು ತೆಗೆದಳು. ಕಾಕಾ ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ನಿಂತು, ತಡವರಿಸುತ್ತ ಹೇಳಿ ಮುಗಿಸಿದರು. ಅವ್ವ ಸೆರಗು ಸರಿಮಾಡಿಕೊಂಡಳು.

“ಅದು ನನಗ ಗೊತ್ತೈತ್ರಿ,” ಎಂದಳು. “ಲಗ್ನಾದ ವರ್ಷಾನ ಇಕಿ ಅಪ್ಪಾ ಹೇಳಿದ್ರು.”

ಮೂರು ದಿನ, ಆರು ಬಸ್ಸು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮತ್ತೆ ನನಗೇಕೆ ಹೇಳಲಿಲ್ಲ ಎಂದು ರೇಗಿದೆ.

“ಮರತಾವ್ರು ಪದ್ಮಣ್ಣ. ಅವರ ಬಾಯಿಂದನ ಬರ್ಲಿ ಅಂತಿದ್ರು ನಿಮ್ಮಪ್ಪ,” ಎಂದ ಅವ್ವ, ಕಾಕಾನ ಕಡೆ ತಿರುಗಿ, “ಒಳಗ ಬರ್ರಿ” ಎಂದಳು.